ಫಲಿತಾಂಶ ಏರಿದರೆ ಕಲಿಕೆ ಏರಿತೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿದರೆ ಮಕ್ಕಳ ಕಲಿಕೆ ಸುಧಾರಿಸಿತು, ಇಳಿದರೆ ಕೆಟ್ಟಿತು ಎಂಬುದು ಕರ್ನಾಟಕದಲ್ಲಿ ಸಾರ್ವತ್ರಿಕ ಪರೀಕ್ಷೆಯ ಬಗ್ಗೆ ಬೇರೂರಿರುವ ತಪ್ಪು ಕಲ್ಪನೆಗಳಲ್ಲೆಲ್ಲ ಗಟ್ಟಿಯಾದದ್ದು. ಪ್ರತಿ ವರ್ಷ ಜಿಲ್ಲೆಗಳ ಪಟ್ಟಿ ಹೊರಬೀಳುತ್ತದೆ. ಮೇಲಿನ ಜಿಲ್ಲೆಯಲ್ಲಿ ಸಿಹಿ ಹಂಚುತ್ತಾರೆ, ಕೆಳಗಿನ ಜಿಲ್ಲೆಯಲ್ಲಿ ಅಧಿಕಾರಿಗಳು ಕಾರಣ ಬರೆದುಕೊಡುತ್ತಾರೆ, ಶಾಲೆಗಳ ಮುಂದೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಫ್ಲೆಕ್ಸ್ ಏಳುತ್ತದೆ. ಇಷ್ಟೆಲ್ಲ ಸಂಭ್ರಮಕ್ಕೂ ಸೂತಕಕ್ಕೂ ಕಾರಣವಾದ ಆ ಅಂಕಿ ಅಳೆಯುವುದಾದರೂ ಏನನ್ನು ಎಂದು ಕೇಳುವವರು ಕಡಿಮೆ.

ಏಳು ವರ್ಷಗಳ ಅಂಕಿಗಳನ್ನು ಸಾಲಾಗಿ ಇಟ್ಟರೆ ಸಾಕು. 2019ರಲ್ಲಿ ಉತ್ತೀರ್ಣರಾದವರು ಶೇ 73.70, 2020ರಲ್ಲಿ ಶೇ 71.80, 2021ರಲ್ಲಿ ಶೇ 99.9, 2022ರಲ್ಲಿ ಶೇ 85.63, 2023ರಲ್ಲಿ ಶೇ 83.89, 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40, 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಇದು ಕಲಿಕೆಯ ಅಳತೆ ಎಂದು ನಂಬುವವರು, ಕೊರೊನಾದಿಂದ ಶಾಲೆಗಳು ಬಾಗಿಲು ಹಾಕಿದ್ದ ವರ್ಷವೇ ರಾಜ್ಯದ ಶಿಕ್ಷಣಕ್ಕೆ ಸುವರ್ಣಯುಗವಾಗಿತ್ತು, ಶಾಲೆ ತೆರೆದ ಮೇಲೆ ಮಕ್ಕಳು ದಡ್ಡರಾಗುತ್ತ ಹೋದರು ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಬದಲಾದದ್ದು ಪರೀಕ್ಷೆ. 2021ರ ಜುಲೈ 19 ಮತ್ತು 22ರಂದು ದಿನಕ್ಕೆ ಮೂರು ವಿಷಯಗಳಂತೆ ಎರಡೇ ದಿನದಲ್ಲಿ ಪರೀಕ್ಷೆ ಮುಗಿಸಲಾಯಿತು. ಪ್ರಶ್ನೆಗಳೆಲ್ಲ ಬಹು ಆಯ್ಕೆಯವು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂಬುದು ಮೊದಲೇ ಆಗಿದ್ದ ತೀರ್ಮಾನ. ನಪಾಸಾದದ್ದು ತನ್ನ ಬದಲು ಬೇರೊಬ್ಬರನ್ನು ಕೂರಿಸಿ ಬರೆಸಿದ ಒಬ್ಬ ಅಭ್ಯರ್ಥಿ ಮಾತ್ರ. ಮರುವರ್ಷದ ಪರೀಕ್ಷೆಯಲ್ಲೂ ಕೊರೊನಾ ಕಾಲದ ರಿಯಾಯಿತಿಗಳು ಉಳಿದಿದ್ದವು. 2024ರಲ್ಲಿ ಕೇಂದ್ರಗಳ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು, ನಕಲು ಕಷ್ಟವಾಯಿತು. ಫಲಿತಾಂಶ ನೆಲ ಕಚ್ಚುವುದು ಕಂಡಾಗ ಪಾಸಾಗಲು ಬೇಕಿದ್ದ ಶೇ 35 ಅಂಕವನ್ನು ಶೇ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಈ ಕೃಪೆ ಇಲ್ಲದಿದ್ದರೆ ಆ ವರ್ಷ ಪಾಸಾಗುತ್ತಿದ್ದವರು ಸುಮಾರು ಶೇ 54 ಮಾತ್ರ.

2025ರ ಫಲಿತಾಂಶ ಬಂದಾಗ ‘ಹನ್ನೊಂದು ಪಾಯಿಂಟ್ ಕುಸಿತ’ ಎಂದು ಹಲುಬಿದವರು ಈ ಲೆಕ್ಕವನ್ನು ಮರೆತಿದ್ದರು. ಆ ಬಾರಿ ಹಿಂದಿನ ವರ್ಷದ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಕೃಪಾಂಕ ಕಳೆದು ನೋಡಿದರೆ ಶೇ 54ರಿಂದ ಶೇ 62ಕ್ಕೆ, ಅಂದರೆ ಎಂಟು ಪಾಯಿಂಟ್ ಏರಿಕೆ. ಒಂದೇ ಜೋಡಿ ಪರೀಕ್ಷೆಗಳು ಒಂದು ಲೆಕ್ಕದಲ್ಲಿ ಕುಸಿತ, ಇನ್ನೊಂದರಲ್ಲಿ ಏರಿಕೆ. ಆ ಏರಿಕೆಯೂ ಕಲಿಕೆಯದೆಂದು ಹೇಳಲು ಬರುವುದಿಲ್ಲ. ಎರಡು ವರ್ಷಗಳ ಪ್ರಶ್ನೆಪತ್ರಿಕೆಗಳು ಒಂದೇ ಕಠಿಣತೆಯವು ಎಂದು ಯಾರೂ ಅಳೆದು ನೋಡಿಲ್ಲ.

ಜಿಲ್ಲಾವಾರು ಸ್ಥಾನದ ಕಥೆಯೂ ಇದೇ. 2023ರಲ್ಲಿ ಶೇ 96.80 ಪಡೆದು ಚಿತ್ರದುರ್ಗ ಮೊದಲ ಸ್ಥಾನದಲ್ಲಿತ್ತು. ಕ್ಯಾಮೆರಾ ಬಂದ ಮರುವರ್ಷ ಉಡುಪಿ ಮೊದಲನೆಯದಾಯಿತು, ಚಿತ್ರದುರ್ಗ ಮೊದಲ ಹತ್ತರಲ್ಲೂ ಇರಲಿಲ್ಲ. ಹನ್ನೆರಡು ತಿಂಗಳಲ್ಲಿ ಒಂದು ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆಯುವುದಿಲ್ಲ. ಪೂರ್ಣ 625 ಅಂಕ ಗಳಿಸಿದವರ ಸಂಖ್ಯೆಯೂ ಹೀಗೆಯೇ ಕುಣಿಯುತ್ತದೆ: 2022ರಲ್ಲಿ 145, 2023ರಲ್ಲಿ 4, 2024ರಲ್ಲಿ 1, 2025ರಲ್ಲಿ 22. ಪ್ರತಿಭೆ ಮಳೆಯಂತೆ ಒಂದು ವರ್ಷ ಸುರಿದು ಮರುವರ್ಷ ಕೈಕೊಡುತ್ತದೆ ಎಂದು ನಂಬುವುದಕ್ಕಿಂತ ಪ್ರಶ್ನೆಪತ್ರಿಕೆ ಬದಲಾಯಿತು ಎನ್ನುವುದು ಸುಲಭ.

ಶೇಕಡಾವಾರು ಹೀಗೆ ಜಿಗಿದಾಡಲು ಸರಳವಾದ ಕಾರಣವಿದೆ. ಉತ್ತೀರ್ಣ ಪ್ರಮಾಣ ಎಂಬುದು ಒಂದು ಗೆರೆಯನ್ನು ದಾಟಿದವರ ಎಣಿಕೆ. ಎಷ್ಟು ದಾಟಿದರು ಎಂಬುದು ಅದರಲ್ಲಿ ಇಲ್ಲ. ಗೆರೆಯ ಆಚೀಚೆ ಮಕ್ಕಳು ದಟ್ಟವಾಗಿ ನಿಂತಿರುವುದರಿಂದ ಗೆರೆ ಎರಡು ಅಂಕ ಸರಿದರೆ ಸಾವಿರಾರು ಮಕ್ಕಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಾರೆ. ಗೆರೆ 35 ಇದ್ದ ವರ್ಷಗಳಲ್ಲಿ 36 ಅಂಕದವನು 80ಕ್ಕೆ ಏರಿದರೂ ಪ್ರಮಾಣ ಕದಲುತ್ತಿರಲಿಲ್ಲ. 34ರವನು 35 ಮುಟ್ಟಿದರೆ ಜಿಲ್ಲೆಯ ಮಾನ ಏರುತ್ತಿತ್ತು.

ಶಾಲೆಗಳಿಗೆ ಇದು ಚೆನ್ನಾಗಿ ಗೊತ್ತು. ‘ಪಾಸಿಂಗ್ ಪ್ಯಾಕೇಜ್’ ಹುಟ್ಟಿದ್ದೇ ಹೀಗೆ: ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ ಖಚಿತವಾಗಿ ಬರುವ ಪಾಠ, ನಕ್ಷೆ, ಚಿತ್ರ, ಪದ್ಯಗಳನ್ನು ಗುರುತಿಸಿ, ಗೆರೆಯ ಹತ್ತಿರ ಇರುವವರಿಗೆ ಬೆಳಿಗ್ಗೆ ಸಂಜೆ ಉರು ಹೊಡೆಸುವುದು. ಗೆರೆಯಿಂದ ತೀರ ದೂರ ಇರುವವರಿಗೂ, ದಾಟಿ ಮುಂದೆ ಹೋದವರಿಗೂ ಅದರಲ್ಲಿ ಪಾಲು ಕಡಿಮೆ. ಮಕ್ಕಳು ಪಾಸಾಗುತ್ತಾರೆ, ಅದು ಅವರಿಗೆ ಒಳ್ಳೆಯದೇ. ಭಿನ್ನರಾಶಿ ಬಂತೇ ಎಂಬುದು ಬೇರೆ ಪ್ರಶ್ನೆ.

ಇದು ಕರ್ನಾಟಕದ ವಿಶೇಷ ದೋಷವೇನಲ್ಲ. ಯಾವ ಅಂಕಿಯನ್ನು ಬಹುಮಾನಕ್ಕೂ ಶಿಕ್ಷೆಗೂ ಕಟ್ಟಿಹಾಕುತ್ತೇವೋ ಆ ಅಂಕಿ ಕೆಡುತ್ತದೆ ಎಂದು ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. 1987ರಲ್ಲಿ ಪಶ್ಚಿಮ ವರ್ಜೀನಿಯಾದ ವೈದ್ಯ ಜಾನ್ ಕ್ಯಾನೆಲ್ ಲೆಕ್ಕ ಹಾಕಿದಾಗ, ಅಮೆರಿಕದ ಐವತ್ತೂ ರಾಜ್ಯಗಳು ತಮ್ಮ ಪ್ರಾಥಮಿಕ ಶಾಲೆಯ ಮಕ್ಕಳು ರಾಷ್ಟ್ರೀಯ ಸರಾಸರಿಗಿಂತ ಮೇಲಿದ್ದಾರೆ ಎಂದು ಹೇಳಿಕೊಳ್ಳುತ್ತಿದ್ದವು. ಎಲ್ಲರೂ ಸರಾಸರಿಗಿಂತ ಮೇಲಿರುವ ದೇಶ! ಹೋಲಿಕೆಗೆ ಬಳಸಿದ ಸರಾಸರಿ ಹಳೆಯದಾಗಿತ್ತು, ಪ್ರಶ್ನೆಪತ್ರಿಕೆಗಳು ಮತ್ತೆ ಮತ್ತೆ ಬಳಕೆಯಾಗಿ ಸವೆದಿದ್ದವು. 2002ರಲ್ಲಿ ಜಾರಿಗೆ ಬಂದ ಅಲ್ಲಿನ ಶಿಕ್ಷಣ ಕಾಯ್ದೆ, 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದು ಶಾಲೆಗಳನ್ನು ಬೆನ್ನಟ್ಟಿತು. ಅಟ್ಲಾಂಟಾದಲ್ಲಿ ಶಿಕ್ಷಕರೇ ಉತ್ತರ ಪತ್ರಿಕೆ ತಿದ್ದಿದ್ದು ಬಯಲಾಯಿತು. 2011ರ ತನಿಖಾ ವರದಿ 178 ಶಿಕ್ಷಕರು ಮತ್ತು ಮುಖ್ಯಸ್ಥರನ್ನು ಹೆಸರಿಸಿತು. 2015ರಲ್ಲಿ ಕಾಯ್ದೆಯೇ ಬದಲಾಯಿತು.

ಕಲಿಕೆ ಏರಿತೇ ಇಳಿಯಿತೇ ಎಂದು ತಿಳಿಯುವ ದಾರಿ ಬೇರೆ. ಎಲ್ಲ ಮಕ್ಕಳನ್ನೂ ಕೂರಿಸುವ ಅಗತ್ಯವಿಲ್ಲ. ಸರಿಯಾಗಿ ಆರಿಸಿದ ಮಾದರಿ ಸಾಕು. ಹಿಂದಿನ ಸುತ್ತಿನ ಕೆಲವು ಪ್ರಶ್ನೆಗಳನ್ನು ಗುಟ್ಟಾಗಿ ಉಳಿಸಿಕೊಂಡು ಹೊಸ ಸುತ್ತಿನಲ್ಲೂ ಕೇಳಬೇಕು. ಮಗುವಿಗಾಗಲಿ ಶಿಕ್ಷಕರಿಗಾಗಲಿ ಅದರಿಂದ ಲಾಭ ನಷ್ಟ ಇರಬಾರದು. ಪಿಸಾ, ಟಿಮ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳು ನಡೆಯುವುದು ಹೀಗೆ. ಭಾರತದ ರಾಷ್ಟ್ರೀಯ ಸಾಧನಾ ಸಮೀಕ್ಷೆಯೂ ಮಾದರಿ ಸಮೀಕ್ಷೆಯೇ. 2021ರ ನವೆಂಬರ್‌ನಲ್ಲಿ ಸುಮಾರು 34 ಲಕ್ಷ ಮಕ್ಕಳು ಅದರಲ್ಲಿ ಬರೆದರು. ಅದರ ವರದಿಗೆ ಯಾರೂ ಸಿಹಿ ಹಂಚುವುದಿಲ್ಲ, ಹಾಗಾಗಿ ಯಾರೂ ಓದುವುದೂ ಇಲ್ಲ.

ಇಷ್ಟರಿಂದ ಪರೀಕ್ಷೆಯೇ ಬೇಡ ಎಂದು ಹೊರಡುವವರದ್ದು ಇನ್ನೊಂದು ತಪ್ಪು. ಪರೀಕ್ಷೆ ಬಡವರ ಶತ್ರು, ಶಿಕ್ಷಕರ ಅಂಕವೇ ನ್ಯಾಯವಾದದ್ದು ಎಂಬ ಮಾತಿಗೆ ಭಾರತದಲ್ಲೇ ನಡೆದ ಅಧ್ಯಯನ ಉತ್ತರ ಕೊಟ್ಟಿದೆ. ರೀಮಾ ಹನ್ನಾ ಮತ್ತು ಲೀ ಲಿಂಡನ್ ಉತ್ತರ ಪತ್ರಿಕೆಗಳ ಮುಖಪುಟದಲ್ಲಿ ಜಾತಿ, ಲಿಂಗ, ವಯಸ್ಸನ್ನು ಮನಬಂದಂತೆ ಬರೆದು ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿ ಎಂದು ನಮೂದಾದ ಪತ್ರಿಕೆಗೆ ಅಂಕ ಕಡಿಮೆ ಬಿತ್ತು. ವ್ಯತ್ಯಾಸ ಚಿಕ್ಕದು, ಆದರೆ ಇತ್ತು. ಹೆಸರು ಕಾಣದ, ಬೇರೆ ಊರಿನಲ್ಲಿ ಮೌಲ್ಯಮಾಪನವಾಗುವ ಸಾರ್ವತ್ರಿಕ ಪರೀಕ್ಷೆಯ ದೊಡ್ಡ ಪ್ರಯೋಜನ ಇದೇ: ಮಗು ಯಾರ ಮನೆಯದು ಎಂಬುದು ಮೌಲ್ಯಮಾಪಕರಿಗೆ ತಿಳಿಯುವುದಿಲ್ಲ.

ಉಳಿದ ತಪ್ಪು ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ, ಒಂದೊಂದಕ್ಕೂ ಚಿಕ್ಕ ಉತ್ತರ ಸಾಕು.

ಪರೀಕ್ಷೆ ಅಳೆಯುತ್ತದೆ, ಕಲಿಸುವುದಿಲ್ಲ: ಓದಿದ್ದನ್ನು ನೆನಪಿನಿಂದ ಹೊರತೆಗೆದರೆ, ಮತ್ತೊಮ್ಮೆ ಓದಿದ್ದಕ್ಕಿಂತ ಅದು ಹೆಚ್ಚು ಕಾಲ ಉಳಿಯುತ್ತದೆ ಎಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಪ್ರಯೋಗದಿಂದ ತೋರಿಸಿದರು, ಚಿಕ್ಕ ಚಿಕ್ಕ ಕಿರುಪರೀಕ್ಷೆಗಳ ಬೆಲೆ ಅಲ್ಲಿದೆ.

ಫಿನ್ಲೆಂಡಿನಲ್ಲಿ ಪರೀಕ್ಷೆಯೇ ಇಲ್ಲ: ಉನ್ನತ ಪ್ರೌಢಶಿಕ್ಷಣದ ಕೊನೆಗೆ ಅಲ್ಲಿ ರಾಷ್ಟ್ರಮಟ್ಟದ ಮೆಟ್ರಿಕ್ಯುಲೇಷನ್ ಪರೀಕ್ಷೆ ಇದೆ, 1852ರಿಂದ ಇದೆ. ಕೆಳಗಿನ ತರಗತಿಗಳಲ್ಲಿ ಮಾದರಿ ಸಮೀಕ್ಷೆ ನಡೆಯುತ್ತದೆ.

ಲಿಖಿತ ಪರೀಕ್ಷೆ ಬ್ರಿಟಿಷರ ಸೃಷ್ಟಿ: ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಸುಮಾರು 1,300 ವರ್ಷ ನಡೆದು 1905ರಲ್ಲಿ ನಿಂತಿತು.

ಬಹು ಆಯ್ಕೆಯ ಪ್ರಶ್ನೆ ಬಾಯಿಪಾಠವನ್ನಷ್ಟೇ ಪರೀಕ್ಷಿಸುತ್ತದೆ: ‘ಐದು ಕಾರಣಗಳನ್ನು ಬರೆಯಿರಿ’ ಎನ್ನುವ ದೀರ್ಘ ಉತ್ತರದ ಪ್ರಶ್ನೆಗಿಂತ ದೊಡ್ಡ ಬಾಯಿಪಾಠ ಬೇರೆ ಇಲ್ಲ.

ಪರ್ಸೆಂಟೈಲ್ ಎಂದರೆ ಶೇಕಡಾ ಅಂಕ: ಅಲ್ಲ, ನೂರಕ್ಕೆ ಎಷ್ಟು ಮಂದಿ ಹಿಂದೆ ಇದ್ದಾರೆ ಎಂಬ ಲೆಕ್ಕ. 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಅರ್ಹತೆ ಸೊನ್ನೆ ಪರ್ಸೆಂಟೈಲ್‌ಗೆ ಇಳಿದಾಗ ‘ಸೊನ್ನೆ ಅಂಕಕ್ಕೂ ಸೀಟು’ ಎಂದು ಗದ್ದಲವಾಯಿತು. ವಾಸ್ತವದಲ್ಲಿ ಆ ಮಿತಿ ಮೈನಸ್ 40 ಅಂಕ. ಗದ್ದಲ ಮಾಡಿದವರು ಇನ್ನೂ ಜೋರಾಗಿ ಮಾಡಬಹುದಿತ್ತು.

ಈ ನಂಬಿಕೆಗಳೆಲ್ಲ ಒಂದೇ ಬೇರಿನವು. ದಶಾಂಶ ಚುಕ್ಕೆಯ ನಂತರ ಎರಡು ಅಂಕಿ ಕಂಡ ಕೂಡಲೇ ಪ್ರಶ್ನಿಸುವ ಬುದ್ಧಿ ಕೆಲಸ ನಿಲ್ಲಿಸುತ್ತದೆ. ತರಕಾರಿ ಕೊಳ್ಳುವಾಗ ತಕ್ಕಡಿಯನ್ನೇ ಅನುಮಾನಿಸುವ ಜನ, ವರ್ಷಕ್ಕೊಮ್ಮೆ ತಕ್ಕಡಿ ಬದಲಾಗುವ ಫಲಿತಾಂಶವನ್ನು ಅನುಮಾನಿಸುವುದಿಲ್ಲ. ಜಾಹೀರಾತಿನ ಟಾಪರ್ ಚಿತ್ರ ನೋಡಿ ಕೋಚಿಂಗ್‌ಗೆ ಹಣ ಕಟ್ಟುವುದು, ಒಂದು ವರ್ಷದ ಫಲಿತಾಂಶ ನೋಡಿ ಶಾಲೆ ಬದಲಿಸುವುದು, ಒಂದು ಜಿಲ್ಲೆಯ ಮಕ್ಕಳೇ ಮಂದರು ಎಂದುಬಿಡುವುದು ಈ ನಂಬುಗೆಯ ಮುಂದುವರಿಕೆಗಳು. 2025ರಲ್ಲಿ ಶೇ 42.43 ಪಡೆದು ಕೊನೆಯಲ್ಲಿ ನಿಂತ ಕಲಬುರಗಿಯ ಕೊರತೆಗಳನ್ನು ಹುಡುಕಲು ಖಾಲಿ ಶಿಕ್ಷಕ ಹುದ್ದೆ, ಗೈರುಹಾಜರಿ, ಮೂರನೇ ತರಗತಿಯಲ್ಲಿ ಓದು ಬಂತೇ ಎಂಬುದನ್ನು ನೋಡಬೇಕು. ಪಟ್ಟಿಯ ಕೊನೆಯ ಸಾಲು ಅದಾವುದನ್ನೂ ಹೇಳುವುದಿಲ್ಲ.

ಸಾರ್ವತ್ರಿಕ ಪರೀಕ್ಷೆ ಒಬ್ಬ ವಿದ್ಯಾರ್ಥಿಗೆ, ಆ ವರ್ಷದ ನಿಯಮದ ಪ್ರಕಾರ, ಮುಂದಿನ ಹಂತಕ್ಕೆ ಅರ್ಹತೆ ಇದೆಯೇ ಎಂದು ತಕ್ಕಮಟ್ಟಿಗೆ ನಿಷ್ಪಕ್ಷಪಾತವಾಗಿ ಹೇಳಬಲ್ಲದು. ಶಿಕ್ಷಣ ವ್ಯವಸ್ಥೆಯ ಏಳುಬೀಳನ್ನು ಹೇಳಲು ಅದನ್ನು ರೂಪಿಸಿಲ್ಲ, ಅದರ ಶೇಕಡಾವಾರಿನಿಂದ ಆ ಕೆಲಸ ಆಗುವುದೂ ಇಲ್ಲ.