ತಂಡ ಎಲ್ಲಿಗೆ ಹೋಗಬೇಕು, ಹೇಳುವವರು ಯಾರು?

2024ರ ಏಪ್ರಿಲ್ 17ರಂದು ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ ಒಂದು ಐಸ್ ಹಾಕಿ ಪಂದ್ಯ ನಡೆಯಿತು. ಆತಿಥೇಯ ಅರಿಜೋನಾ ಕಾಯೋಟೀಸ್ ತಂಡ ಕೆನಡಾದ ಎಡ್ಮಂಟನ್ ತಂಡವನ್ನು 5-2ರಿಂದ ಸೋಲಿಸಿತು. ಮರುದಿನ ಗೆದ್ದ ತಂಡವೇ ಊರು ಬಿಟ್ಟಿತು. ಆಟಗಾರರು, ತರಬೇತುದಾರರು ಎಲ್ಲರನ್ನೂ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಒಯ್ಯಲು 120 ಕೋಟಿ ಡಾಲರುಗಳ ವ್ಯವಹಾರಕ್ಕೆ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಒಪ್ಪಿಗೆ ನೀಡಿತು. ಯೂಟಾದ್ದು ಹೊಸ ತಂಡ, ಅರಿಜೋನಾದ್ದು ತಾತ್ಕಾಲಿಕವಾಗಿ ನಿಂತುಹೋದ ತಂಡ ಎಂದು ಲೀಗ್ ಕಾಗದದಲ್ಲಿ ಬರೆದುಕೊಂಡಿತು. ಕಾಗದ ಏನೇ ಹೇಳಲಿ, 28 ವರ್ಷ ಆ ಊರಿನಲ್ಲಿದ್ದ ಆಟ ಎದ್ದು ಹೋಗಿತ್ತು.

ಇದನ್ನು ಅರಿಯಲು ಒಂದು ವ್ಯತ್ಯಾಸ ನೆನಪಿಡಬೇಕು. ಈ ತಂಡಗಳು ನಮ್ಮ ರಣಜಿ ತಂಡಗಳಂತೆ ನೆಲಕ್ಕೆ ಅಂಟಿಕೊಂಡವಲ್ಲ. ಐಪಿಎಲ್ ಫ್ರಾಂಚೈಸಿಗಳಂತೆ ಮಾಲೀಕರ ಸ್ವತ್ತು. ಉಳಿದ ಮಾಲೀಕರು ಒಪ್ಪಿದರೆ ಊರಿನಿಂದ ಊರಿಗೆ ಸಾಗಿಸಬಹುದು. ಹೀಗಾಗಿ ನಷ್ಟದ ತಂಡವೊಂದು ಇದ್ದರೆ ಅದು ಮುಂದೆ ಎಲ್ಲಿಗೆ ಹೋದೀತು ಎಂಬ ಲೆಕ್ಕಾಚಾರ ಆ ದೇಶಗಳ ಕ್ರೀಡಾಪುಟಗಳಲ್ಲಿ ಎಂದಿಗೂ ಮುಗಿಯುವುದಿಲ್ಲ. ಹಿಮ ಬೀಳುವ ಊರಿಗೇ ಹೋಗಲಿ ಎಂಬುದು ಬಹುಜನರ ವಾದ.

ಆ ವಾದವನ್ನು ನಾನು ಒಪ್ಪುವುದಿಲ್ಲ. ಫೀನಿಕ್ಸ್ ಬಿಸಿಲ ನಾಡು ನಿಜ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಮುಟ್ಟಿತ್ತು. ಆದರೆ ಐಸ್ ಹಾಕಿಯ ಋತು ಅಕ್ಟೋಬರಿನಲ್ಲಿ ಆರಂಭವಾಗುತ್ತದೆ, ಆಟ ನಡೆಯುವುದು ಚಾವಣಿಯ ಕೆಳಗೆ. ಫ್ಲಾರಿಡಾದ ಟ್ಯಾಂಪಾ 2004, 2020 ಮತ್ತು 2021ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಮರುಭೂಮಿಯ ನಡುವಿನ ಲಾಸ್ ವೇಗಸ್ 2023ರಲ್ಲಿ, ಮಯಾಮಿ ಪಕ್ಕದ ಫ್ಲಾರಿಡಾ ಪ್ಯಾಂಥರ್ಸ್ 2024 ಮತ್ತು 2025ರಲ್ಲಿ ಗೆದ್ದವು. ಅಲ್ಲೆಲ್ಲ ಹಿಮ ಬಿದ್ದಿತ್ತೇ?

ಉದ್ಯೋಗದ ನಿಮಿತ್ತ ಕೆಲಕಾಲ ಫೀನಿಕ್ಸ್ ಮಹಾನಗರದ ಪೂರ್ವ ಭಾಗದ ಚಾಂಡ್ಲರಿನಲ್ಲಿದ್ದ ನನಗೆ ಕಂಡ ಕಾರಣ ಬೇರೆ. ಈ ತಂಡ ಹುಟ್ಟಿದ್ದು ಕೆನಡಾದ ವಿನಿಪೆಗ್‌ನಲ್ಲಿ, ಜೆಟ್ಸ್ ಎಂಬ ಹೆಸರಿನಲ್ಲಿ. ಆಗ ಕೆನಡಾದ ಡಾಲರ್ ಕುಸಿಯುತ್ತಿತ್ತು. ಟಿಕೆಟ್ ಮಾರುವುದು ಕೆನಡಾದ ಹಣದಲ್ಲಿ, ಆಟಗಾರರ ಸಂಬಳ ಅಮೆರಿಕದ ಹಣದಲ್ಲಿ ಎಂಬಂತಾಗಿ, 1996ರಲ್ಲಿ ತಂಡ ಫೀನಿಕ್ಸಿಗೆ ವಲಸೆ ಬಂತು. ಅಲ್ಲಿ ಸಿಕ್ಕಿದ್ದು ಬ್ಯಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಒಳಾಂಗಣ. ಹಾಕಿಯ ಅಂಗಳ ಅದಕ್ಕಿಂತ ಉದ್ದ. ಹಲವು ಆಸನಗಳಿಂದ ಒಂದು ಗೋಲು ಕಾಣುತ್ತಲೇ ಇರಲಿಲ್ಲ. ಕೊನೆಗೆ 2003ರ ಡಿಸೆಂಬರಿನಲ್ಲಿ ಪಶ್ಚಿಮದಂಚಿನ ಗ್ಲೆಂಡೇಲ್ ನಗರ 18 ಕೋಟಿ ಡಾಲರ್ ಸುರಿದು ಹೊಸ ಕ್ರೀಡಾಂಗಣ ಕೊಟ್ಟಿತು. ಆದರೆ ಟಿಕೆಟ್ ಕೊಳ್ಳುವ ಹಣವಂತರು ಹೆಚ್ಚಾಗಿ ಇದ್ದದ್ದು ಪೂರ್ವದ ಸ್ಕಾಟ್ಸ್‌ಡೇಲ್ ಕಡೆಗೆ. ವಿನಿಪೆಗ್ ಕಡೆಯವರೇ ಆದ ಸಹೋದ್ಯೋಗಿಯೊಬ್ಬರ ಜೊತೆ ನಾನೊಮ್ಮೆ ವಾರದ ನಡುವೆ ಪಂದ್ಯಕ್ಕೆ ಹೊರಟಿದ್ದೆ. ಸಂಜೆಯ ವಾಹನ ಸಂದಣಿಯಲ್ಲಿ ಇಡೀ ಫೀನಿಕ್ಸನ್ನು ಅಡ್ಡ ಹಾಯ್ದು ಸುಮಾರು 50 ಕಿಲೋಮೀಟರ್ ಕ್ರಮಿಸಿ ಆಸನ ಸೇರುವಷ್ಟರಲ್ಲಿ ಮೊದಲ ಅವಧಿ ಮುಗಿಯುತ್ತ ಬಂದಿತ್ತು. ಸುತ್ತಲೂ ಖಾಲಿ ಕುರ್ಚಿಗಳು. ಬಾಲ್ಯದಲ್ಲಿ ತಾವು ಮೆಚ್ಚಿದ ತಂಡ ಪರವೂರಿನಲ್ಲಿ ಹೀಗೆ ಆಡುವುದನ್ನು ಅವರು ಮೌನವಾಗಿ ನೋಡಿದರು. ತಿಂಗಳಿಗೊಮ್ಮೆ ಹೀಗೆ ಬರಬಹುದು. ಋತುವಿಗೆ 41 ಸಲ ಬರುವವರು ಎಷ್ಟು ಜನ?

2009ರ ಮೇ ತಿಂಗಳಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. ಆಗ ಬ್ಲ್ಯಾಕ್‌ಬೆರಿ ಫೋನಿನ ಕಂಪೆನಿಯ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್ ಕೊಟ್ಟು ತಂಡವನ್ನು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯಲು ಮುಂದಾದರು. ಹಣವಿತ್ತು, ಸಿದ್ಧ ಕ್ರೀಡಾಂಗಣವಿತ್ತು, ಆಟಕ್ಕಾಗಿ ಹಸಿದ ಜನರಿದ್ದರು. ತಂಡ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಅಂದು ಇದ್ದ ಸರಿಯಾದ ಉತ್ತರ ಅದೇ ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಹ್ಯಾಮಿಲ್ಟನ್ ಇರುವುದು ಟೊರಾಂಟೊ ಮತ್ತು ಬಫಲೊ ತಂಡಗಳ ನಡುವೆ. ಯಾರು ಸದಸ್ಯರಾಗಬೇಕು, ಎಲ್ಲಿ ಆಡಬೇಕು ಎಂಬುದು ತನ್ನ ಹಕ್ಕು ಎಂದು ಲೀಗ್ ವಾದಿಸಿತು, ನ್ಯಾಯಾಲಯವೂ ಬಾಲ್ಸಿಲಿಯವರ ಪ್ರಸ್ತಾವವನ್ನು ತಳ್ಳಿಹಾಕಿತು. ಬಳಿಕ ಲೀಗ್ ತಾನೇ ಸುಮಾರು 14 ಕೋಟಿ ಡಾಲರಿಗೆ ತಂಡವನ್ನು ಕೊಂಡು 2013ರವರೆಗೆ ನಡೆಸಿತು.

ನಡೆಸಿದ್ದು ಯಾರ ಹಣದಲ್ಲಿ? ಎರಡು ಋತುಗಳಿಗೆ ತಲಾ 2.5 ಕೋಟಿ ಡಾಲರ್ ತೆತ್ತದ್ದು ಗ್ಲೆಂಡೇಲ್ ನಗರಸಭೆ. ಎರಡೂವರೆ ಲಕ್ಷವೂ ಇಲ್ಲದ ಜನಸಂಖ್ಯೆಯ ಊರು ಅದು. ಹೊಸ ಮಾಲೀಕರು ಬಂದಾಗ 15 ವರ್ಷ ಕಾಲ ವರ್ಷಕ್ಕೆ 1.5 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ 2013ರಲ್ಲಿ ನಾಲ್ಕು-ಮೂರು ಮತಗಳಿಂದ ಅದು ಅಂಕಿತ ಹಾಕಿತು. ಎರಡೇ ವರ್ಷಗಳಲ್ಲಿ ಆ ಒಪ್ಪಂದವನ್ನು ರದ್ದುಪಡಿಸಲು ಮತ ಹಾಕಿತು. ಕೊನೆಗೆ 2021ರಲ್ಲಿ, ಗುತ್ತಿಗೆ ಇನ್ನು ಮುಂದುವರಿಸುವುದಿಲ್ಲ ಎಂದಿತು. ಅದೇ ಡಿಸೆಂಬರಿನಲ್ಲಿ, ತೆರಿಗೆ ಬಾಕಿ ಕಟ್ಟದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂಬ ಎಚ್ಚರಿಕೆಯೂ ಹೋಯಿತು. 2022ರಿಂದ ಕಾಯೋಟೀಸ್ ಆಡಿದ್ದು ವಿಶ್ವವಿದ್ಯಾಲಯವೊಂದರ ಒಳಾಂಗಣದಲ್ಲಿ, ಸುಮಾರು 4,600 ಪ್ರೇಕ್ಷಕರ ಮುಂದೆ.

ಮಾಲೀಕ ಅಲೆಕ್ಸ್ ಮೆರುವೆಲೊ ಅವರ ಕೊನೆಯ ಯೋಜನೆ, ಟೆಂಪಿ ನಗರದ ಹಳೆಯ ಕಸದ ತಿಪ್ಪೆಯಿದ್ದ 46 ಎಕರೆ ಜಾಗದಲ್ಲಿ 210 ಕೋಟಿ ಡಾಲರಿನ ಕ್ರೀಡಾ ಸಂಕೀರ್ಣ. ಬಂಡವಾಳ ಖಾಸಗಿಯದು, ಜೊತೆಗೆ ನಗರದ ದೀರ್ಘಾವಧಿ ತೆರಿಗೆ ವಿನಾಯಿತಿ. 2023ರ ಮೇ 16ರಂದು ಈ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು. ಶೇಕಡ 56ರಷ್ಟು ಮಂದಿ ಬೇಡವೆಂದರು. ಟೆಂಪಿಯ ಜನ ತಂಡವನ್ನು ಓಡಿಸಿದರು ಎಂಬ ಆಕ್ಷೇಪವನ್ನು ನಾನು ಸಾಕಷ್ಟು ಕೇಳಿದ್ದೇನೆ. ನೆರೆಯ ಗ್ಲೆಂಡೇಲಿನ ಖಜಾನೆಗೆ ಆದ ಗತಿಯನ್ನು ಇಪ್ಪತ್ತು ವರ್ಷ ಕಂಡವರು ಬೇರೇನು ಹೇಳಬೇಕಿತ್ತು? ಈ ತಂಡದ ಬಗ್ಗೆ ನೇರವಾಗಿ ಕೇಳಿದಾಗ ಅವರು ವಿವೇಕದಿಂದಲೇ ಉತ್ತರಿಸಿದರು.

ಸಾಲ್ಟ್ ಲೇಕ್ ಸಿಟಿಯಲ್ಲಿ ಅಂಥ ಮತದಾನ ನಡೆಯಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡದ ಒಡೆಯರೂ ಆದ ರಯಾನ್ ಸ್ಮಿತ್ ದಂಪತಿಯ ಸಂಸ್ಥೆಗಾಗಿ, ಡೆಲ್ಟಾ ಸೆಂಟರ್ ಕ್ರೀಡಾಂಗಣ ಮತ್ತು ಸುತ್ತಲ ಪ್ರದೇಶದ ಅಭಿವೃದ್ಧಿಗೆಂದು, 90 ಕೋಟಿ ಡಾಲರುಗಳವರೆಗೆ ಒದಗಿಸಲು ನಗರಸಭೆ 2024ರಲ್ಲಿ ಮಾರಾಟ ತೆರಿಗೆಯನ್ನು ಶೇಕಡ ಅರ್ಧದಷ್ಟು ಏರಿಸಿತು. ವಿಚಿತ್ರವೆಂದರೆ ಅದೂ ಬ್ಯಾಸ್ಕೆಟ್‌ಬಾಲ್‌ಗೆಂದು ಕಟ್ಟಿದ್ದೇ, ಅಲ್ಲಿಯೂ ಗೋಲು ಸರಿಯಾಗಿ ಕಾಣದ ಆಸನಗಳಿದ್ದವು. ವ್ಯತ್ಯಾಸವೆಂದರೆ ಕ್ರೀಡಾಂಗಣ ಊರ ನಡುವೆ ಇದೆ, ತಂಡದ ಒಡೆಯರೇ ಅದಕ್ಕೂ ಒಡೆಯರು. ಕಾಯೋಟೀಸ್‌ಗೆ ಇಲ್ಲದ ಈ ಎರಡು ಅನುಕೂಲಗಳ ಮುಂದೆ ಹವಾಮಾನದ ಪ್ರಶ್ನೆ ಗೌಣ.

ಜನರ ಪ್ರೀತಿಯೊಂದೇ ಸಾಲದೆಂಬುದಕ್ಕೆ ವಿನಿಪೆಗ್ ಸಾಕ್ಷಿ. ತನ್ನ ಹಳೆಯ ತಂಡವನ್ನೇ ಮರಳಿ ಪಡೆಯಲು ಯತ್ನಿಸಿ ವಿಫಲವಾದ ಆ ಊರು 2011ರಲ್ಲಿ ಅಟ್ಲಾಂಟಾದ ತಂಡವನ್ನು ಕರೆತಂದು ಜೆಟ್ಸ್ ಎಂದೇ ಮರುನಾಮಕರಣ ಮಾಡಿತು. ಕೆಲವೇ ದಿನಗಳಲ್ಲಿ 13,000 ಸೀಸನ್ ಟಿಕೆಟ್‌ಗಳು ಖರ್ಚಾದವು. ಕೋವಿಡ್ ನಂತರ ಆ ಸಂಖ್ಯೆ 9,500ರ ಆಸುಪಾಸಿಗೆ ಇಳಿದಾಗ ಅಲ್ಲಿಯೂ ಆತಂಕ ಶುರುವಾಯಿತು.

ಇನ್ನು ಕ್ವಿಬೆಕ್ ಸಿಟಿಯ ಕಥೆ ಕರುಣಾಜನಕ. 1995ರಲ್ಲಿ ಅದರ ನಾರ್ಡಿಕ್ಸ್ ತಂಡ ಡೆನ್ವರಿಗೆ ಹೋಗಿ ಮರುವರ್ಷವೇ ಕಪ್ ಗೆದ್ದಿತು. ತಂಡ ಬಂದೀತೆಂಬ ಆಸೆಯಿಂದ ಆ ನಗರ ಸಾರ್ವಜನಿಕ ಹಣದಲ್ಲಿ ಸುಮಾರು 37 ಕೋಟಿ ಕೆನಡಾ ಡಾಲರಿನ, 18,000 ಆಸನಗಳ ಕ್ರೀಡಾಂಗಣ ಕಟ್ಟಿ 2015ರಲ್ಲಿ ತೆರೆಯಿತು. ಬಂದದ್ದೇನು? 2024ರಲ್ಲಿ ಲಾಸ್ ಏಂಜಲಿಸ್ ತಂಡದ ಎರಡು ಪ್ರದರ್ಶನ ಪಂದ್ಯಗಳು, ಅದಕ್ಕೂ ಪ್ರಾಂತ ಸರ್ಕಾರದಿಂದ 50ರಿಂದ 70 ಲಕ್ಷ ಡಾಲರ್ ನೆರವು. ಹೀಗೆ ಕಾದು ಕುಳಿತ ಖಾಲಿ ಊರೊಂದು ಇರುವುದು ಲೀಗಿಗೆ ಲಾಭದ ಸಂಗತಿ ಎಂಬುದು ನನ್ನ ಗುಮಾನಿ. ಇರುವ ಊರಿನ ನಗರಸಭೆಯನ್ನು ಬೆದರಿಸಲು ಅಂಥದೊಂದು ಹೆಸರು ಬೇಕೇಬೇಕು.

ಫೀನಿಕ್ಸಿನಲ್ಲಿ ತಂಡ ವ್ಯರ್ಥವಾಗಿ ಇರಲಿಲ್ಲ. ಸ್ಕಾಟ್ಸ್‌ಡೇಲಿನಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್ ಎಂಬ ಹುಡುಗ ಕಾಯೋಟೀಸ್ ಪಂದ್ಯಗಳನ್ನು ನೋಡುತ್ತಲೇ ಹಾಕಿ ಕಲಿತ. 2016ರ ಆಟಗಾರರ ಆಯ್ಕೆಯಲ್ಲಿ ಟೊರಾಂಟೊ ಅವನನ್ನೇ ಮೊದಲಿಗನಾಗಿ ಆರಿಸಿಕೊಂಡಿತು. ಅಂಥ ಇನ್ನೊಬ್ಬ ಹುಡುಗನ ಮನೆಯ ಹತ್ತಿರ ಈಗ ಎನ್‌ಎಚ್‌ಎಲ್ ಪಂದ್ಯ ನಡೆಯುವುದಿಲ್ಲ. ಐದು ವರ್ಷಗಳೊಳಗೆ ಕ್ರೀಡಾಂಗಣ ಕಟ್ಟಿದರೆ ತಂಡವನ್ನು ಪುನಶ್ಚೇತನಗೊಳಿಸಬಹುದೆಂದು ಲೀಗ್ ಮೆರುವೆಲೊ ಅವರಿಗೆ ಅವಕಾಶ ಕೊಟ್ಟಿತ್ತು. ಜಾಗ ಕೊಳ್ಳಬೇಕೆಂದಿದ್ದ ಸರ್ಕಾರಿ ಹರಾಜು ರದ್ದಾದೊಡನೆ 2024ರ ಜೂನ್‌ನಲ್ಲೇ ಅವರು ಕೈಚೆಲ್ಲಿದರು. ಅತ್ತ 1980ರಲ್ಲಿ ಒಂದು, 2011ರಲ್ಲಿ ಇನ್ನೊಂದು ತಂಡ ಕಳೆದುಕೊಂಡ ಅಟ್ಲಾಂಟಾದ ಉತ್ತರದ ಉಪನಗರಗಳು ಮೂರನೆಯದಕ್ಕಾಗಿ ಹೊಸ ಕ್ರೀಡಾಂಗಣಗಳ ನಕ್ಷೆಗಳನ್ನು ಮುಂದಿಟ್ಟಿವೆ.