ಲಿಡ್ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ಸೀನಿಯರ್‌ಗಳ ಕೈಯಿಂದ ಬಂದ ಹಳೇ ಲ್ಯಾಪ್‌ಟಾಪ್ ನಮ್ಮಲ್ಲಿ ಅನೇಕರ ಹತ್ರ ಇದೆ. ಸ್ಕ್ರೀನ್ ಒಡೆದರೆ, ಕೀಬೋರ್ಡ್ ಕೈಕೊಟ್ಟರೆ ಪಾರ್ಟ್ ತರಿಸಿ, ವಿಡಿಯೋ ನೋಡ್ಕೊಂಡು ನಾವೇ ಬದಲಾಯಿಸ್ತೀವಿ. ಎಲ್ಲ ಸರಿಹೋಯ್ತು ಅನ್ನುವಷ್ಟರಲ್ಲಿ ಹೊಸ ತಲೆನೋವು ಶುರು: ಲಿಡ್ ಮುಚ್ಚಿದರೂ ಫ್ಯಾನ್ ತಿರುಗ್ತಾನೇ ಇರುತ್ತೆ. ಇಲ್ಲವೇ ಲಿಡ್ ತೆರೆದಿದ್ದರೂ ಸ್ಕ್ರೀನ್ ಕಪ್ಪಾಗುತ್ತೆ.

ಇದನ್ನ ಹಾಗೇ ಬಿಡಬಾರದು. ಮಲಗದ ಲ್ಯಾಪ್‌ಟಾಪ್ ಬ್ಯಾಗ್ ಒಳಗೆ ಗಾಳಿಯಾಡದೆ ಬಿಸಿಯಾಗುತ್ತೆ. ಬಿಸಿ ಹೆಚ್ಚಾದಷ್ಟೂ ಲಿಥಿಯಂ ಬ್ಯಾಟರಿಯ ಆಯಸ್ಸು ಕಡಿಮೆ, ಊದಿಕೊಳ್ಳುವ ಅಪಾಯವೂ ಉಂಟು. ಹಾಗಂತ ಗಾಬರಿಯಾಗಿ ವಿಂಡೋಸ್ ಮತ್ತೆ ಹಾಕೋದು, ಮದರ್‌ಬೋರ್ಡ್‌ಗೆ ದುಡ್ಡು ಸುರಿಯೋದು ಬೇಡ. ಮೊದಲು ತೊಂದರೆ ಎಲ್ಲಿದೆ ಅಂತ ಬೇರ್ಪಡಿಸಿ ನೋಡೋಣ.

ಲಿಡ್ ತೆರೆದೇ ಇಟ್ಟು ಸ್ಟಾರ್ಟ್ ಮೆನುವಿನಿಂದ ಸ್ಲೀಪ್ ಕೊಡಿ. ನೆಟ್ಟಗೆ ಮಲಗಿ, ಮಲಗಿಯೇ ಇದ್ದರೆ ವಿಂಡೋಸ್, ಡ್ರೈವರ್ ಎರಡೂ ಸರಿಯಿವೆ. ಲಿಡ್ ಮುಚ್ಚಿದ ಸುದ್ದಿ ಮಾತ್ರ ತಲುಪ್ತಿಲ್ಲ. ಪವರ್ ಆಪ್ಷನ್ಸ್‌ನಲ್ಲಿ ಲಿಡ್ ಮುಚ್ಚಿದಾಗ ಸ್ಲೀಪ್ ಆಗ್ಬೇಕು ಅಂತ ಇದೆಯಾ ನೋಡಿ. ಬ್ಯಾಟರಿಗೂ ಚಾರ್ಜರ್‌ಗೂ ಅದು ಬೇರೆ ಬೇರೆ ಸೆಟ್ಟಿಂಗ್.

ಅಲ್ಲೂ ಸರಿಯಿದ್ದರೆ ಮ್ಯಾಗ್ನೆಟ್ ಕಡೆ ಬನ್ನಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ಫ್ರೇಮ್ ಒಳಗೆ ಪುಟ್ಟ ಮ್ಯಾಗ್ನೆಟ್, ಕೆಳಭಾಗದಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇರುತ್ತೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ, ನಾವು ಫಿಸಿಕ್ಸ್‌ನಲ್ಲಿ ಓದಿ ಮರೆತ ಅದೇ ಹಾಲ್ ಎಫೆಕ್ಟ್. ಮ್ಯಾಗ್ನೆಟ್ ಹತ್ತಿರ ಬಂದರೆ ಲಿಡ್ ಮುಚ್ಚಿದೆ ಅಂತ ಅರ್ಥ.

ಫ್ರಿಡ್ಜ್‌ಗೆ ಅಂಟಿಸೋ ಗುಂಡಿಯಂಥ ಮ್ಯಾಗ್ನೆಟ್ ತಗೊಂಡು ಕೀಬೋರ್ಡಿನ ಅಕ್ಕಪಕ್ಕ, ಅಂಗೈ ಇಡೋ ಜಾಗದ ಅಂಚುಗಳ ಮೇಲೆ ನಿಧಾನವಾಗಿ ಓಡಿಸಿ. ಕೆಲವು ಸೆನ್ಸರ್‌ಗಳು ಒಂದೇ ಧ್ರುವಕ್ಕೆ ಸ್ಪಂದಿಸುತ್ತವೆ, ಆದ್ದರಿಂದ ತಿರುಗಿಸಿಯೂ ನೋಡಿ. ಸ್ಕ್ರೀನ್ ಆರಿದರೆ ಸೆನ್ಸರ್ ಸರಿಯಿದೆ, ಲಿಡ್ಡಿನ ಮ್ಯಾಗ್ನೆಟ್ ಬಿದ್ದಿದೆ ಅಥವಾ ಹಳೇ ಫ್ರೇಮಿನಲ್ಲೇ ಉಳಿದಿದೆ. ಎಲ್ಲಿ ಓಡಿಸಿದರೂ ಏನೂ ಆಗದಿದ್ದರೆ ಸೆನ್ಸರ್ ಕಡೆಯ ರಿಬ್ಬನ್ ಕೇಬಲ್ ಪೂರ್ತಿ ಕೂತಿಲ್ಲದಿರಬಹುದು. ಬಿಚ್ಚೋ ಮೊದಲು ಚಾರ್ಜರ್ ತೆಗೆದು, ಕವರ್ ತೆರೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ.

ತೆರೆದಿದ್ದಾಗಲೇ ನಿದ್ದೆ ಹೋಗುತ್ತಾ? ಕೈಗಡಿಯಾರದ ಮ್ಯಾಗ್ನೆಟಿಕ್ ಪಟ್ಟಿ, ಕೆಳಗಿಟ್ಟ ಇನ್ನೊಂದು ಲ್ಯಾಪ್‌ಟಾಪ್, ಒಳಗೆ ಜಾರಿ ಬಿದ್ದ ಮ್ಯಾಗ್ನೆಟ್, ಇವುಗಳ ಮೇಲೆ ಕಣ್ಣಿಡಿ.

ಮೆನುವಿನಲ್ಲಿ ಸ್ಲೀಪ್ ಆಯ್ಕೆಯೇ ಇಲ್ಲವೇ? ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’, ಸ್ಪೇಸ್, ಸ್ಲ್ಯಾಶ್, ‘ಎ’ ಟೈಪ್ ಮಾಡಿ, ಕಾರಣ ಅದೇ ಹೇಳುತ್ತೆ. ಎಷ್ಟೋ ಸಲ ಸರಿಯಾದ ಗ್ರಾಫಿಕ್ಸ್ ಡ್ರೈವರ್ ಹಾಕಿದರೆ ಮುಗೀತು. ಮಲಗಿ ತಾನಾಗೇ ಎದ್ದರೆ ‘ಎ’ ಬದಲು ‘ಲಾಸ್ಟ್‌ವೇಕ್’ ಕೊಡಿ. ಎಬ್ಬಿಸಿದ್ದು ಮೌಸೋ ನೆಟ್‌ವರ್ಕ್ ಕಾರ್ಡೋ ಅಂತ ಬಹುತೇಕ ಗೊತ್ತಾಗುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಎಬ್ಬಿಸೋ ಅನುಮತಿ ತೆಗೆಯಿರಿ.

ಸರಿಹೋಗೋವರೆಗೆ ಬ್ಯಾಗಿಗೆ ಹಾಕೋ ಮುಂಚೆ ಶಟ್‌ಡೌನ್ ಮಾಡಿ. ಮುಂದಿನ ಸಲ ಬಿಚ್ಚುವಾಗ ಸ್ಕ್ರೂ ಎಣಿಸೋ ಹಾಗೆ ಮ್ಯಾಗ್ನೆಟ್‌ಗಳನ್ನೂ ಎಣಿಸಿ, ಹಳೇ ಫ್ರೇಮನ್ನು ಗುಜರಿಗೆ ಹಾಕೋಕೆ ಅವಸರ ಬೇಡ.