ಹೀಗೂ ಉಂಟೇ ಹೋಟೆಲು?



ನಾವೆಲ್ಲ ಹೋಟೆಲು ನೋಡಿದ್ದೇವೆ. ಸಂತೆಗೆ ಹೋದಾಗ ಚಾ ಕುಡಿದಿದ್ದೇವೆ. ಜಾತ್ರೆಯಲ್ಲಿ ಮಿರ್ಚಿ, ಮಂಡಕ್ಕಿ ತಿಂದಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಮಕ್ಕಳಿಗೂ ಕಟ್ಟಿಸಿಕೊಂಡು ಬಂದಿದ್ದೇವೆ.

ಒಂದು ರಾತ್ರಿ ನಮ್ಮ ಕಲಿಕಾ ಕೇಂದ್ರದಲ್ಲಿ 'ಹೋಟೆಲು' ಎಂಬ ಪದ ಬರೆಯುತ್ತಿದ್ದೆವು. ಆಗ ಒಂದು ಪ್ರಶ್ನೆ ಎದ್ದಿತು. "ಹೋಟೆಲಿನಲ್ಲಿ ನಮಗೆ ತಿಂಡಿ ತಂದುಕೊಟ್ಟವರ ಮುಖ ನೆನಪಿದೆಯೇ?" ಇಡ್ಲಿ ಮೆತ್ತಗಿದ್ದದ್ದು ನೆನಪಿತ್ತು. ಚಟ್ನಿ ಖಾರ ಇದ್ದದ್ದು ನೆನಪಿತ್ತು. ತಂದುಕೊಟ್ಟವರ ಮುಖ ಮಾತ್ರ ಯಾರಿಗೂ ನೆನಪಿರಲಿಲ್ಲ.

ಆದರೆ ಕೆಲವು ಹೋಟೆಲುಗಳು ಬೇರೆ ರೀತಿಯವು. ಅಲ್ಲಿಗೆ ಹೋದವರು ತಿಂಡಿಯನ್ನು ಮರೆತಾರು, ಬಡಿಸಿದವರನ್ನು ಮರೆಯುವುದಿಲ್ಲ. ಅಂಥ ನಾಲ್ಕು ಹೋಟೆಲುಗಳ ಸಂಗತಿ ತಿಳಿಯೋಣ. ಎರಡು ಹೊರದೇಶದವು. ಎರಡು ನಮ್ಮ ದೇಶದವು.

ಕತ್ತಲೆಯ ಹೋಟೆಲು

ಸ್ವಿಟ್ಜರ್ಲೆಂಡ್ ಎಂಬ ದೇಶವಿದೆ. ಅಲ್ಲಿ ಜ್ಯೂರಿಕ್ ಎಂಬುದು ದೊಡ್ಡ ಊರು. 1999ರಲ್ಲಿ ಆ ಊರಿನಲ್ಲಿ ಒಂದು ಹೋಟೆಲು ಶುರುವಾಯಿತು. ಅದರ ಹೆಸರು 'ಬ್ಲಿಂಡೆಕು'. ಇದು ಆ ದೇಶದ ಮಕ್ಕಳು ಆಡುವ ಒಂದು ಆಟದ ಹೆಸರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೇರೆಯವರನ್ನು ಹಿಡಿಯುವ ಆಟ. ನಮ್ಮ ಮಕ್ಕಳೂ ಇದನ್ನು ಆಡುತ್ತಾರೆ.

ಆ ಹೋಟೆಲಿನ ಊಟದ ಕೋಣೆಯಲ್ಲಿ ಕಗ್ಗತ್ತಲೆ. ದೀಪವಿಲ್ಲ, ಮೊಂಬತ್ತಿಯಿಲ್ಲ. ಬೆಳಕು ಬೀರುವ ಗಡಿಯಾರ, ಫೋನು ಎಲ್ಲ ಹೊರಗೇ ಇಡಬೇಕು. ಹಾಗಾದರೆ ಒಳಗೆ ಹೋಗುವುದು ಹೇಗೆ? ಬಡಿಸುವವರು ಮುಂದೆ ನಡೆಯುತ್ತಾರೆ. ಬಂದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಹಿಂದೆ ಹೋಗುತ್ತಾರೆ.

ಆ ಬಡಿಸುವವರು ಯಾರು ಗೊತ್ತೇ? ಕಣ್ಣು ಕಾಣದವರು!

ಇದನ್ನು ಕೇಳಿದಾಗ ನಮ್ಮ ಕೇಂದ್ರದ ಒಬ್ಬ ತಾಯಿ ಕೇಳಿದರು: "ಅಕ್ಕಾರ, ಕಣ್ಣು ಕಾಣದವರು ಬಡಸ್ತಾರೇನ್ರಿ? ಸಾರು ಚೆಲ್ಲೂದಿಲ್ಲೇನು?"

ಕತ್ತಲೆ ನಮಗೆ ಹೊಸತು. ಅವರಿಗೆ ಹೊಸತಲ್ಲ. ಅವರು ಶಬ್ದ ಕೇಳಿ, ಮುಟ್ಟಿ, ಹೆಜ್ಜೆ ಎಣಿಸಿ ನಡೆಯಲು ಕಲಿತವರು. ಆ ಕೋಣೆಯಲ್ಲಿ ಕಣ್ಣಿದ್ದವರೇ ತಡವರಿಸುತ್ತಾರೆ. ನೀರಿನ ಲೋಟ ಎಲ್ಲಿದೆ ಎಂದು ಹುಡುಕುತ್ತಾರೆ. ಆಗ ಕಣ್ಣು ಕಾಣದವರೇ ಅವರಿಗೆ ದಾರಿ ತೋರಿಸುತ್ತಾರೆ. ಈ ಹೋಟೆಲು ಮಾಡಲು ಮುಂದಾದವರಲ್ಲಿ ಒಬ್ಬರು ಸ್ವತಃ ಕಣ್ಣು ಕಾಣದ ಪಾದ್ರಿ. ಕಣ್ಣಿಲ್ಲದವರಿಗೆ ಕೆಲಸ ಸಿಗಬೇಕು, ಕಣ್ಣಿದ್ದವರಿಗೆ ಅವರ ಬದುಕು ತಿಳಿಯಬೇಕು ಎಂಬುದು ಉದ್ದೇಶ.

ತಪ್ಪು ತಿಂಡಿ ಬರುವ ಹೋಟೆಲು

ಇನ್ನೊಂದು ಸಂಗತಿ ಜಪಾನ್ ದೇಶದ್ದು. ಅಲ್ಲಿ ಶಿರೊ ಒಗುನಿ ಎಂಬವರು ಟಿ.ವಿ. ಕಾರ್ಯಕ್ರಮ ಮಾಡುತ್ತಿದ್ದರು. ಒಮ್ಮೆ ಅವರು ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗೆ ಹೋದರು. ಊಟಕ್ಕೆ ಬರಬೇಕಾದದ್ದು ಒಂದು, ಬಂದದ್ದು ಇನ್ನೊಂದು. ಇದು ತಪ್ಪು ಎಂದು ಹೇಳಲು ಬಾಯಿ ತೆರೆದರು. ಸುತ್ತ ನೋಡಿದರೆ ಎಲ್ಲರೂ ಖುಷಿಯಿಂದ ಉಣ್ಣುತ್ತಿದ್ದರು! ಅವರೂ ಸುಮ್ಮನೆ ಉಂಡರು. ಅಲ್ಲಿಂದ ಅವರಿಗೆ ಒಂದು ವಿಚಾರ ಹೊಳೆಯಿತು.

2017ರಲ್ಲಿ ಟೋಕಿಯೊ ನಗರದಲ್ಲಿ ಕೆಲವೇ ದಿನಗಳ ಮಟ್ಟಿಗೆ ಒಂದು ಹೋಟೆಲು ತೆರೆದರು. ಅದರ ಹೆಸರೇ 'ತಪ್ಪು ಆರ್ಡರಿನ ಹೋಟೆಲು'. ಬಡಿಸಿದವರೆಲ್ಲ ಮರೆವಿನ ಕಾಯಿಲೆ ಇದ್ದವರು. 100 ಆರ್ಡರಿನಲ್ಲಿ 37 ತಪ್ಪಾದವು. ಆದರೂ 100ರಲ್ಲಿ 99 ಮಂದಿ ಸಂತೋಷವಾಯಿತು ಎಂದರು.

ನಮ್ಮ ಮನೆಗಳಲ್ಲೂ ಇಂಥ ಅಜ್ಜ, ಅಜ್ಜಿ ಇರುತ್ತಾರೆ. ಉಂಡದ್ದು ಮರೆಯುತ್ತಾರೆ. ಮತ್ತೆ ಅನ್ನ ಕೇಳುತ್ತಾರೆ. ಮಗನ ಹೆಸರೇ ಮರೆಯುತ್ತಾರೆ. ನಾವು "ಬೇಕಂತ ಮಾಡ್ತಾರೆ" ಎಂದು ಬೈಯುತ್ತೇವೆ. ಬೇಕಂತ ಅಲ್ಲ. ಅದು ಮೆದುಳಿನ ಕಾಯಿಲೆ. ಬೈದರೆ ಗುಣವಾಗುವುದಿಲ್ಲ, ಅವರು ಹೆದರುತ್ತಾರೆ ಅಷ್ಟೆ. ಅಂಥವರನ್ನು ಡಾಕ್ಟರಿಗೆ ತೋರಿಸಬೇಕು. ಕೈಲಾದ ಕೆಲಸ ಮಾಡಲು ಬಿಡಬೇಕು. ಸೊಪ್ಪು ಸೋಸಲಿ, ಅವರೆಕಾಯಿ ಸುಲಿಯಲಿ. ಸ್ವಲ್ಪ ತಪ್ಪಾದರೆ ಏನಾಯಿತು?

ಮುಖ ಮುಚ್ಚದ ಹೆಣ್ಣುಮಕ್ಕಳು

ಈಗ ನಮ್ಮ ದೇಶಕ್ಕೆ ಬರೋಣ. ಆಗ್ರಾದಲ್ಲಿ ತಾಜಮಹಲು ಇದೆ. ಅದೇ ಊರಿನಲ್ಲಿ 2014ರ ಡಿಸೆಂಬರಿನಲ್ಲಿ 'ಶೀರೋಸ್' ಎಂಬ ಹೋಟೆಲು ಆರಂಭವಾಯಿತು. ಇದನ್ನು ನಡೆಸಲು ನಿಂತವರು ಆಸಿಡ್ ದಾಳಿಗೆ ಒಳಗಾದ ಹೆಣ್ಣುಮಕ್ಕಳು.

ಹುಡುಗಿ ಒಲ್ಲೆ ಎಂದದ್ದಕ್ಕೆ ಆಸಿಡ್ ಎರಚುತ್ತಾರೆ. ಮನೆಯ ಜಗಳಕ್ಕೂ ಎರಚುತ್ತಾರೆ. ಮುಖ ಸುಡುತ್ತದೆ, ಕಣ್ಣು ಹೋಗುತ್ತದೆ. ತಪ್ಪು ಮಾಡಿದವನು ತಲೆಯೆತ್ತಿ ತಿರುಗುತ್ತಾನೆ. ನೋವು ಉಂಡವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಇದು ಯಾವ ನ್ಯಾಯ?

ಈ ಹೋಟೆಲಿನ ಹೆಣ್ಣುಮಕ್ಕಳು ಮುಖ ಮುಚ್ಚಿಕೊಳ್ಳಲಿಲ್ಲ. ಬಂದವರ ಎದುರು ನಿಂತು ಚಾ ಕೊಟ್ಟರು, ಮಾತಾಡಿಸಿದರು. ಇಲ್ಲಿ ಇನ್ನೊಂದು ವಿಶೇಷ. ತಿಂಡಿಗೆ ಇಷ್ಟೇ ರೇಟು ಎಂದು ಬರೆದಿರಲಿಲ್ಲ. ತಿಂದವರು ಮನಸ್ಸಿಗೆ ಬಂದಷ್ಟು ಕೊಡಬಹುದಿತ್ತು. ದೂರದೂರದ ಪ್ರವಾಸಿಗರು ತಾಜಮಹಲು ನೋಡಿ ಇಲ್ಲಿಗೂ ಬಂದರು.

ಇದನ್ನು ನೆನಪಿಡೋಣ. ಆಸಿಡ್ ಬಿದ್ದರೆ ತಡಮಾಡದೆ ತುಂಬಾ ಹೊತ್ತು ತಣ್ಣೀರು ಸುರಿಯಬೇಕು. ಆಮೇಲೆ ಆಸ್ಪತ್ರೆಗೆ ಒಯ್ಯಬೇಕು. ಸರಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಇಲ್ಲ ಎನ್ನುವಂತಿಲ್ಲ. ಮೊದಲ ಚಿಕಿತ್ಸೆ ಪುಕ್ಕಟೆ ಕೊಡಲೇಬೇಕು. ಆಸಿಡ್ ಎರಚಿ ಗಾಯ ಮಾಡಿದವನಿಗೆ ಕನಿಷ್ಠ 10 ವರ್ಷ ಜೈಲು. ಜೀವಾವಧಿ ಶಿಕ್ಷೆಯೂ ಆಗಬಹುದು. ಇದು ಕಾನೂನು.

ಹುಬ್ಬಳ್ಳಿಯ 'ಮಿಟ್ಟಿ'

ಕೊನೆಯದು ನಮ್ಮ ಹುಬ್ಬಳ್ಳಿಯದು. 2017ರಲ್ಲಿ ಅಲ್ಲಿನ ಒಂದು ಕಾಲೇಜಿನ ಆವರಣದಲ್ಲಿ 'ಮಿಟ್ಟಿ ಕೆಫೆ' ಎಂಬ ಚಿಕ್ಕ ಹೋಟೆಲು ಶುರುವಾಯಿತು. ಹಳೆಯ ತಗಡಿನ ಶೆಡ್ಡೇ ಅದರ ಜಾಗ. ಶುರುಮಾಡಿದವರು ಅಲೀನಾ ಆಲಂ ಎಂಬ ಯುವತಿ. ಮಿಟ್ಟಿ ಅಂದ್ರೆ ಮಣ್ಣು.

ಇಲ್ಲಿ ಕೆಲಸ ಮಾಡುವವರು ವಿಕಲಚೇತನರು. ಕೆಲವರಿಗೆ ಕಿವಿ ಕೇಳದು, ಮಾತು ಬಾರದು. ಕೆಲವರಿಗೆ ಕಾಲಿನಲ್ಲಿ ಶಕ್ತಿಯಿಲ್ಲ. ಕೆಲವರ ಬುದ್ಧಿ ನಿಧಾನ. ಅವರಿಗೆ ಕೆಲಸ ಕಲಿಸಿ, ಸಂಬಳ ಕೊಡುತ್ತಾರೆ. ಕಿವಿ ಕೇಳದವರಿಗೆ ನಮಗೆ ಬೇಕಾದದ್ದು ಹೇಳುವುದು ಹೇಗೆ? ತಿಂಡಿಯ ಪಟ್ಟಿ ಓದಿ, ಬೆರಳು ತೋರಿಸಿದರೆ ಸಾಕು. ಬ್ರೈಲ್ ಲಿಪಿಯ ಪಟ್ಟಿಯೂ ಇದೆ. ಬ್ರೈಲ್ ಎಂದರೆ ಉಬ್ಬಿದ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಓದುವ ಲಿಪಿ.

ಹುಬ್ಬಳ್ಳಿಯ ಶೆಡ್ಡಿನಲ್ಲಿ ಹುಟ್ಟಿದ ಮಿಟ್ಟಿ ಬೇರೆ ಊರುಗಳಿಗೂ ಹೋಯಿತು. 2023ರ ನವೆಂಬರಿನಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಅದನ್ನು ಉದ್ಘಾಟಿಸಿದವರು ಆಗಿನ ಮುಖ್ಯ ನ್ಯಾಯಮೂರ್ತಿಗಳು.

ಇದನ್ನು ಓದಿದ ರಾತ್ರಿ ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ಸುಮ್ಮನೆ ಕೂತಿದ್ದರು. ಎಲ್ಲರೂ ಎದ್ದ ಮೇಲೆ ಹೇಳಿದರು: "ನನ್ನ ಮಗಳಿಗೂ ಕಿವಿ ಕೇಳಂಗಿಲ್ರಿ ಅಕ್ಕಾರ. 20 ವರ್ಷ ಆತು. ಮದುವಿ, ಜಾತ್ರಿ ಎಲ್ಲಿಗೂ ಕರಕೊಂಡು ಹೋಗಿಲ್ಲ. ಮಂದಿ ನಗತಾರಂತ ಹೆದರಿಕಿ. ರೊಟ್ಟಿ ಮಾಡೂದ್ರಾಗ ಮಾತ್ರ ಓಣಿಗೆಲ್ಲ ಆಕೀನ ಮುಂದ."

ಅದೇ ಓಣಿಯಲ್ಲಿ ನಾವು ದಿನಾ ಓಡಾಡುತ್ತಿದ್ದೆವು. ಆ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ ಎಂದು ನಮಗೇ ಗೊತ್ತಿರಲಿಲ್ಲ. ಮರುದಿನ ಅವರು ಮಗಳನ್ನು ಕೇಂದ್ರಕ್ಕೆ ಕರೆತಂದರು. ಈಗ ಆಕೆ ತಾಯಿಯ ಪಕ್ಕದಲ್ಲೇ ಕೂತು ಅಕ್ಷರ ತಿದ್ದುತ್ತಾಳೆ.

ನಮಗೂ ಒಂದು ಕಾಲದಲ್ಲಿ "ಓದು ನಿನಗ್ಯಾಕೆ, ಒಲೆ ಮುಂದೆ ಇರು" ಎಂದಿದ್ದರು. ನಾವು ಹೊರಗೆ ಬಂದೆವು. ಹಾಗೆಯೇ ಒಳಗೆ ಕೂತ ಇನ್ನೊಬ್ಬರನ್ನೂ ಹೊರಗೆ ಕರೆಯೋಣ.

ಏನು ಮಾಡಬಹುದು?

ಮನೆಯಲ್ಲಿ ವಿಕಲಚೇತನರಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಗುರುತಿನ ಚೀಟಿ ಮಾಡಿಸುವ ದಾರಿ ತಿಳಿಸುತ್ತಾರೆ. ಚೀಟಿ ಇದ್ದರೆ ಸರಕಾರದ ಸವಲತ್ತು ಕೇಳಲು ಅನುಕೂಲ.

ಮಾತಾಡೋಣ

1. ಕತ್ತಲೆಯ ಹೋಟೆಲಿನಲ್ಲಿ ದಾರಿ ತೋರಿಸುವವರು ಯಾರು?
2. ಮರೆವಿನ ಹಿರಿಯರು ತಪ್ಪು ಮಾಡಿದರೆ ನಾವು ಹೇಗೆ ನಡೆದುಕೊಳ್ಳಬೇಕು?
3. ಮುಖ ಮುಚ್ಚಿಕೊಳ್ಳಬೇಕಾದವರು ಯಾರು? ಆಸಿಡ್ ಎರಚಿದವರೋ, ನೋವು ಉಂಡವರೋ?
4. ನಮ್ಮ ಓಣಿಯಲ್ಲಿ ಮನೆಯ ಒಳಗೇ ಇರುವವರು ಯಾರಾದರೂ ಇದ್ದಾರೆಯೇ? ಅವರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ?